ಮುಯ್ಯಿ ಓದುತ್ತಿದ್ದ ಮಾವ

ಅವರ ದನಿ ಈಗಲೂ ಕಿವಿಯಲ್ಲಿ ಗುಂಯ್‌ಗುಡುತ್ತಿದೆ ಎಂದು ಮೊದಲ ವಾಕ್ಯ ಬರೆದೆ. ಆಮೇಲೆ ಹೊಡೆದು ಹಾಕಿದೆ. ಗುಂಯ್‌ಗುಡುತ್ತಿಲ್ಲ. ತೀರಿಕೊಂಡವರ ಬಗ್ಗೆ ಬರೆಯುವವರೆಲ್ಲ ಹಾಗೆ ಬರೆಯುತ್ತಾರೆಂದು ನನ್ನ ಕೈಯೂ ತಾನಾಗಿ ಬರೆದುಬಿಟ್ಟಿತು, ಅಷ್ಟೆ. ನಿಜ ಹೇಳಬೇಕೆಂದರೆ ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ಆ ದನಿ ಹೇಗಿತ್ತು ಎನ್ನುವುದು ನನಗೆ ಸರಿಯಾಗಿ ನೆನಪಿಲ್ಲ. ಜೋರಾಗಿತ್ತು ಎಂಬುದಷ್ಟೇ ಗೊತ್ತು. ಜೋರಾಗಿರಲೇಬೇಕಿತ್ತು. ದೇವನಹಳ್ಳಿ ಹತ್ತಿರದ ವಿಜಯಪುರದ ಒಂದು ಗಲ್ಲಿಯಲ್ಲಿ ರೇಷ್ಮೆ ನೂಲು ಹುರಿ ಮಾಡುವ ನಾಲ್ಕಾರು ಮಿಷನ್ನುಗಳನ್ನು ಇಟ್ಟುಕೊಂಡು, ಹಗಲೆಲ್ಲ ಅವುಗಳ ಸದ್ದಿನ ನಡುವೆ ಬದುಕಿದವರು ಅವರು. ಪಕ್ಕದಲ್ಲಿ ನಿಂತವನಿಗೂ ಕೂಗಿಯೇ ಹೇಳಬೇಕು.

"ಮಾತು ಅಂದ್ರೆ ಮಿಷನ್ ಮೇಲೆ ಕೇಳಿಸ್ಬೇಕು. ಕೇಳಿಸ್ದಿದ್ರೆ ಅದು ಮಾತಲ್ಲ, ಉಸಿರು" ಎನ್ನುತ್ತಿದ್ದರು.

ಈ ಮಾತನ್ನು ಅವರ ಬಾಯಿಂದಲೇ ಕೇಳಿದ್ದೆನೋ, ನನ್ನ ಹೆಂಡತಿ ಸವಿತಾ ಹೇಳಿದ್ದನ್ನು ಕೇಳಿ ಕೇಳಿ ನನ್ನದಾಗಿಸಿಕೊಂಡೆನೋ, ಗೊತ್ತಿಲ್ಲ. ಇದೊಂದು ಕಷ್ಟ. ನಾನು ತರ್ಕಶಾಸ್ತ್ರ ಓದಿದವನು. ಪಿಯು ಕಾಲೇಜಿನ ಮಕ್ಕಳಿಗೆ ಅದನ್ನೇ ಪಾಠ ಹೇಳುತ್ತೇನೆ. ಸಾಕ್ಷಿ ಇಲ್ಲದ್ದನ್ನು ನಂಬಬೇಡಿ ಎನ್ನುವುದು ನನ್ನ ಮೊದಲ ಪಾಠ. ಅವರ ವಿಷಯಕ್ಕೆ ಬಂದರೆ ನನ್ನ ಬಳಿ ಇರುವ ಸಾಕ್ಷಿ ನಾನೊಬ್ಬನೇ, ಅದೂ ನಂಬಿಕೆಗೆ ಅರ್ಹವಾದ ಸಾಕ್ಷಿಯಲ್ಲ.

ಸವಿತಾ ಹುಟ್ಟಿ ಬೆಳೆದದ್ದು ಅದೇ ಗಲ್ಲಿಯಲ್ಲಿ, ಅವರ ಎದುರು ಮನೆಯಲ್ಲಿ. ಅವಳು ಚಿಕ್ಕವಳಿದ್ದಾಗಲೇ ತಂದೆ ಹೋದರು. ಅವಳ ತಾಯಿ ಇವರನ್ನು 'ಅಣ್ಣ' ಎಂದು ಕರೆಯುತ್ತಿದ್ದರು, ಹಾಗಾಗಿ ಇವಳಿಗೆ ಮಾವ, ಮುಂದೆ ನನಗೂ ಮಾವ. ರಕ್ತಸಂಬಂಧವೇನೂ ಇರಲಿಲ್ಲ. ಜಾತಿಯೂ ಬೇರೆ. ಅವರ ಹೆಂಡತಿ ಮದುವೆಯಾದ ಕೆಲವೇ ವರ್ಷಗಳಲ್ಲಿ ತೀರಿಕೊಂಡಿದ್ದರಂತೆ. ಮಕ್ಕಳಾಗಿರಲಿಲ್ಲ, ಮತ್ತೆ ಮದುವೆಯಾಗಲಿಲ್ಲ. ಗೌರಿ ಹಬ್ಬಕ್ಕೆ ಎದುರು ಮನೆಗೆ ಬಾಗಿನ, ಯುಗಾದಿಗೆ ಅಲ್ಲೇ ಒಬ್ಬಟ್ಟು. ಅವರಿಗಿದ್ದ ಮನೆಯೆಂದರೆ ಅದು.

ಊರಿಗೆಲ್ಲ ಅವರು ಗೊತ್ತಿದ್ದದ್ದು ಮುಯ್ಯಿ ಓದುವವರಾಗಿ. ನಮ್ಮ ಕಡೆ ಮದುವೆ, ನಾಮಕರಣ ಏನೇ ಆಗಲಿ, ಬಂದವರು ಮುಯ್ಯಿ ಎಂದು ದುಡ್ಡು ಹಾಕುತ್ತಾರೆ. ಒಬ್ಬ ಹೆಸರು ಬರೆದುಕೊಳ್ಳುತ್ತಾನೆ, ಇನ್ನೊಬ್ಬ ಮೈಕಿನಲ್ಲಿ ಓದುತ್ತಾನೆ. ನಾಳೆ ಅವರ ಮನೆಯಲ್ಲಿ ಕಾರ್ಯವಾದಾಗ ಇವರು ಒಂದಿಷ್ಟು ಸೇರಿಸಿ ಹಿಂದಕ್ಕೆ ಹಾಕಬೇಕು. ಬೇರೆ ಓದುವವರು ಹೆಸರು, ಊರು, ಮೊತ್ತ ಮೂರನ್ನೂ ಕೂಗುತ್ತಿದ್ದರು. ಇವರು ಮೊತ್ತ ಕೂಗುತ್ತಿರಲಿಲ್ಲ. "ದುಡ್ಡು ಬರ್ಕೊಳೋನು ಬರ್ಕೋತಾನೆ ಬಿಡ್ರಪ್ಪ, ಊರಿಗ್ಯಾಕೆ? ಊರಿಗೆ ಬೇಕಾಗಿರೋದು ಸಂಬಂಧ" ಎನ್ನುವರು. ಸಾಲಿನಲ್ಲಿ ನಿಂತವರು ಮುಂದೆ ಬಂದ ಕೂಡಲೇ ಮೈಕನ್ನು ಕೆಳಗಿಳಿಸಿ, ಕಣ್ಣು ಚಿಕ್ಕದು ಮಾಡಿ, ಒಂದೇ ಪ್ರಶ್ನೆ ಕೇಳುತ್ತಿದ್ದರು:

"ಏನಾಗ್ಬೇಕು?"

ಹೆಣ್ಣಿಗೋ ಗಂಡಿಗೋ ನೀವು ಏನಾಗಬೇಕು ಎಂದು. ಸಂಬಂಧ ಹೇಳಿದವರಿಗೆ ಅದಕ್ಕೊಂದು ಬಾಲ ಸೇರಿಸುವರು. "ತೂಬಗೆರೆಯಿಂದ ಬಂದವ್ರೆ, ಹೆಣ್ಣಿನ ಚಿಕ್ಕಪ್ಪನ ಷಡ್ಡಕ! ದಾರಿ ದೂರ, ಸಂಬಂಧ ಹತ್ರ!" ಏನೂ ಆಗದವರು ತಡವರಿಸಿದರೆ ಅವರೇ ಒಂದು ಸಂಬಂಧ ಹುಟ್ಟಿಸುತ್ತಿದ್ದರು. ನಮ್ಮ ಮದುವೆಯಲ್ಲಿ ಒಬ್ಬ ಬಸ್ ಕಂಡಕ್ಟರ್ ಬಂದಿದ್ದ. ಅವನನ್ನು, "ಹೆಣ್ಣು ಕಾಲೇಜಿಗೆ ಹೋಗೋವಾಗ ಚಿಲ್ರೆ ಕೇಳ್ದೆ ಟಿಕೆಟ್ ಕೊಟ್ಟ ಅಣ್ಣ!" ಎಂದು ಕೂಗಿದರು. ಅವನ ಮುಖ ಅರಳಿತು. ಬೆಂಗಳೂರಿನಿಂದ ಬಂದ ನನ್ನ ಹಾಸ್ಟೆಲ್ ಗೆಳೆಯ "ಫ್ರೆಂಡ್" ಎಂದ. ಅವರು ತಲೆ ಅಲ್ಲಾಡಿಸಿ, "ಗಂಡಿನ ಜತೆ ಒಂದೇ ತಟ್ಟೇಲಿ ಉಂಡ ತಮ್ಮ!" ಎಂದು ಘೋಷಿಸಿದರು. ನಾವು ಒಂದೇ ತಟ್ಟೆಯಲ್ಲಿ ಉಂಡವರೇ ಅಲ್ಲ. ನಾನು ಅವನ ಚಟ್ನಿಪುಡಿ ಕದ್ದು ತಿಂದು ಜಗಳವಾಡಿದ್ದೆ. ಆದರೆ ಅವನು ಅಂದಿನಿಂದ ಫೋನ್ ಮಾಡಿದಾಗಲೆಲ್ಲ ನನ್ನನ್ನು 'ಅಣ್ಣ' ಎನ್ನತೊಡಗಿದ. ಸುಳ್ಳಿಗೂ ಇಂಥ ಫಲ ಇರುತ್ತದೆಯೇ ಎಂದು ನಾನು ಆಗ ಆಶ್ಚರ್ಯಪಟ್ಟಿದ್ದೆ.

ಅವರು ಹೋದಲ್ಲೆಲ್ಲ ತಾವೂ ಮುಯ್ಯಿ ಹಾಕುತ್ತಿದ್ದರು. ಹೊಸಕೋಟೆ, ದೊಡ್ಡಬಳ್ಳಾಪುರ, ಎಲ್ಲಿ ಕರೆದರೂ ಹೋಗುವರು, ಓದುವರು, ಹಾಕುವರು. ಹಿಂದಕ್ಕೆ ಬರಬೇಕಾದರೆ ಅವರ ಮನೆಯಲ್ಲಿ ಕಾರ್ಯ ಆಗಬೇಕಲ್ಲ? ಮದುವೆಗೆ ಮಗಳಿಲ್ಲ, ನಾಮಕರಣಕ್ಕೆ ಮೊಮ್ಮಗನಿಲ್ಲ. "ನಂದು ಬಿತ್ತೋದು ಮಾತ್ರ. ಊರೂರಲ್ಲೂ ಬೆಳೆ ನಿಂತೈತೆ, ಕೊಯ್ದು ಒಕ್ಕಾಕೆ ಕಣ ಇಲ್ಲ" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ನೋವಿತ್ತು ಎಂದು ಬರೆಯಬಹುದು. ನಾನು ನೋವನ್ನು ನೋಡಲಿಲ್ಲ. ನಗುವನ್ನು ನೋಡಿದ್ದೆ.

ಮನೆ ಕೊಳ್ಳುವ ಮಾತು ಬಂದದ್ದು ನಮ್ಮ ಮಗಳಿಗೆ ಹಲ್ಲು ಬರುತ್ತಿದ್ದ ಕಾಲದಲ್ಲಿ. ಸವಿತಾ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸಕ್ಕಿದ್ದಳು. ನಾನು ಆಗ ಅತಿಥಿ ಉಪನ್ಯಾಸಕ, ಅಂದರೆ ಸಂಬಳ ಯಾವಾಗ ಬರುತ್ತದೆಂದು ಆತಿಥೇಯರಿಗೂ ಗೊತ್ತಿಲ್ಲದ ಸ್ಥಿತಿ. ದೇವನಹಳ್ಳಿಯಲ್ಲಿ ಒಂದು ಚಿಕ್ಕ ಮನೆ ನೋಡಿದೆವು. ಸವಿತಾಳ ಸಂಬಳದ ಮೇಲೆ ಬ್ಯಾಂಕಿನವರು ಸಾಲ ಕೊಡಲು ಒಪ್ಪಿದರು. ಆದರೆ ಮನೆಯ ಪೂರ್ತಿ ಬೆಲೆಗೆ ಅವರು ಸಾಲ ಕೊಡುವುದಿಲ್ಲ. ಒಂದು ಪಾಲನ್ನು ಮೊದಲು ನಾವೇ ಹಾಕಬೇಕು. ಉಳಿತಾಯ, ಅವಳ ಸರ, ಎಲ್ಲ ಸೇರಿಸಿದರೂ ಆ ಪಾಲು ತುಂಬಲಿಲ್ಲ. ಮಾವ ಒಂದು ಭಾನುವಾರ ಬಂದವರು ಈ ಮಾತು ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಗುವಿನ ಕಿವಿಯನ್ನೇ ನೋಡಿದರು.

"ಇದಕ್ಕೆ ಕಿವಿ ಚುಚ್ಚಿಸಿಲ್ವೇನಮ್ಮ?"

"ಇಲ್ಲ ಮಾವ, ಆಸ್ಪತ್ರೇಲಿ ಚುಚ್ಚಿಸಿದ್ರಾಯ್ತು ಅಂತ..."

"ಆಸ್ಪತ್ರೇಲಿ ಚುಚ್ಚಿದ್ರೆ ಮುಯ್ಯಿ ಯಾರು ಹಾಕ್ತಾರೆ, ಡಾಕ್ಟ್ರಾ?"

ಅವರ ಯೋಚನೆ ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಕಿವಿ ಚುಚ್ಚುವಾಗ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಸವಿತಾಳಿಗೆ ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅವಳ ಮಾವನಾದ ತಾವೇ ಕೂರುವುದು, ಕಾರ್ಯ ತಮ್ಮದೆಂದು ಊರೂರಿಗೆ ಹೇಳಿ ಕಳಿಸುವುದು, ಇಷ್ಟು ವರ್ಷ ತಾವು ಹಾಕಿದ ಮುಯ್ಯಿಯೆಲ್ಲ ಆ ಒಂದು ದಿನ ಮಗುವಿನ ಹೆಸರಿನಲ್ಲಿ ಹಿಂದಕ್ಕೆ ಬರುವುದು.

ನನಗೆ ಮುಜುಗರವಾಯಿತು. "ಇದು ಭಿಕ್ಷೆ ಎತ್ತಿದ ಹಾಗಲ್ವಾ ಮಾವ?" ಎಂದೆ.

"ಅಳಿಯಂದ್ರೇ, ಭಿಕ್ಷೆಗೂ ಮುಯ್ಯಿಗೂ ವ್ಯತ್ಯಾಸ ಗೊತ್ತಿಲ್ದೆ ಮಕ್ಕಳಿಗೆ ಅದೇನ್ ಪಾಠ ಹೇಳ್ತೀರಿ? ಭಿಕ್ಷೆ ಹಾಕ್ದೋನ ಮುಖ ಮರೆತ್ರೂ ನಡೀತದೆ. ಮುಯ್ಯಿ ಹಾಕ್ದೋನ ಮುಖ ಮರೆಯಂಗಿಲ್ಲ. ಅದಕ್ಕೇ ಅದನ್ನ ಮಡಗಿರೋದು."

ನಾನು ಒಪ್ಪಿದೆ, ಆದರೆ ಒಂದು ಷರತ್ತು ಹಾಕಿದೆ. ಆಹ್ವಾನ ಪತ್ರಿಕೆಯ ಕೆಳಗೆ ಒಂದು ಸಾಲು ಇರಬೇಕು: 'ಆಶೀರ್ವಾದವೇ ಉಡುಗೊರೆ. ಕಾಣಿಕೆಗಳನ್ನು ಸ್ವೀಕರಿಸುವುದಿಲ್ಲ.' ಓದಿದವರ ಮನೆಯ ಪತ್ರಿಕೆಗಳಲ್ಲಿ ಆ ಸಾಲು ಇರುತ್ತದೆ. ನನ್ನ ಕಾಲೇಜಿನವರೂ ಬರುತ್ತಾರೆ, ಅವರ ಕಣ್ಣಿಗೆ ನಾನು ಕೈಚಾಚಿದವನಂತೆ ಕಾಣಬಾರದು. ಸವಿತಾ, "ತಗೋಳೋದು ತಗೊಂಡು ಬ್ಯಾಡ ಅಂತ ಯಾಕೆ ಹಾಕ್ಬೇಕು?" ಎಂದಳು. ಮಾವ ಮಾತ್ರ ನಿರಾಳವಾಗಿದ್ದರು. "ಹಾಕ್ಲಿ ಬಿಡಮ್ಮ. ಮುಯ್ಯಿ ಉಡುಗೊರೆಯೂ ಅಲ್ಲ, ಕಾಣಿಕೆಯೂ ಅಲ್ಲ. ಅದು ಬರೋದು ಬತ್ತದೆ."

ಬಂತು. ವಿಜಯಪುರದ ಆ ಗಲ್ಲಿಯಲ್ಲಿ ಚಪ್ಪರ ಹಾಕಿಸಿದ್ದರು. ಆ ಒಂದು ದಿನ ಮಿಷನ್ನುಗಳನ್ನು ನಿಲ್ಲಿಸಿದ್ದರು. ಆಚಾರಿ ಚಿನ್ನದ ತಂತಿ ಚುಚ್ಚುವಾಗ ಮಗಳು ಅವರ ತೊಡೆಯ ಮೇಲೆ ಕೂತು ಚೀರಿದಳು. ಅವರು ಅವಳ ಬಾಯಿಗೆ ಬೆಲ್ಲ ತುರುಕಿದರು. ಮುಯ್ಯಿ ಓದುವ ಹೊತ್ತಾದಾಗ ಬೇರೆಯವರು ಓದಲೆಂದರೆ ಕೇಳಲಿಲ್ಲ. ಮಗುವನ್ನು ತೊಡೆಯಿಂದ ಇಳಿಸಲೂ ಇಲ್ಲ. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಮೈಕು. ಅವಳ ಅಳು, ಅವರ ಕೂಗು ಎರಡೂ ಕೂಡಿ ಗಲ್ಲಿ ತುಂಬಿತು.

"ಏನಾಗ್ಬೇಕು?" ಎಂದು ಅವರು ಕೇಳಿದರೆ ಅಂದು ಬಂದವರೆಲ್ಲ "ನಿಮ್ಗೇ ಗೊತ್ತಲ್ಲ ಯಜಮಾನ್ರೇ" ಎನ್ನುತ್ತಿದ್ದರು. ಯಾರಿಗೂ ಮಗು ಏನೂ ಆಗಬೇಕಿರಲಿಲ್ಲ. ಅವರೆಲ್ಲ ಬಂದದ್ದು ಇವರಿಗಾಗಿ. "ಸಮೇತನಹಳ್ಳಿಯಿಂದ ಬಂದವ್ರೆ! ನನ್ನ ಜತೆ ಒಂದೇ ಕೋಣೇಲಿ ಜ್ವರ ಬಂದು ಮಲಗಿದ್ದ ಅಣ್ಣ, ಹಂಗಾಗಿ ಈ ಕೂಸಿಗೆ ದೊಡ್ ತಾತ!" ಹೀಗೆ ಸಂಜೆಯೊಳಗೆ ನನ್ನ ಮಗಳಿಗೆ ಮೂರು ತಾಲ್ಲೂಕಿನಲ್ಲಿ ತಾತಂದಿರೂ ಅತ್ತೆಯಂದಿರೂ ಹುಟ್ಟಿಕೊಂಡಿದ್ದರು. ನನಗೂ ಅಂದು ಒಂದು ಮಾತು ಹೇಳಿದರು. ಕೈ ತೊಳೆಯುವಲ್ಲಿ, ಒಬ್ಬನನ್ನೇ ಹಿಡಿದು: "ಇನ್ನು ನನ್ನ ಗದ್ದೆ ಖಾಲಿ ಅಳಿಯಂದ್ರೇ. ಎಲ್ಲಾ ಇದೊಂದೇ ಕಣಕ್ಕೆ ತಂದ್ಬಿಟ್ಟೆ. ಇನ್ಮೇಲೆ ನನಗೆ ನೀವೇ ಮುಯ್ಯಿ." ಇದನ್ನು ಹೇಳಿದ್ದು ನಿಜ. ಈ ಒಂದು ಮಾತಿನ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಬ್ಯಾಂಕಿನಲ್ಲಿ ನಮ್ಮ ಕಡತ ನೋಡುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನ ಹುಡುಗ. ಮರ್ಯಾದಸ್ಥ. ಸವಿತಾಳ ಖಾತೆಗೆ ಒಮ್ಮೆಗೇ ಇಷ್ಟು ನಗದು ಹೇಗೆ ಬಂತು ಎಂದು ಕೇಳಿದ. ನಮ್ಮ ಪಾಲಿನ ಹಣ ಎಲ್ಲಿಂದ ಬಂತೆಂದು ತೋರಿಸದೆ ಸಾಲ ಮುಂದೆ ಹೋಗುವುದಿಲ್ಲ. ಬೇರೆ ಕಡೆ ಸಾಲ ಮಾಡಿ ತಂದದ್ದಾದರೆ ಅದನ್ನೂ ತೀರಿಸಬೇಕಲ್ಲ, ಆಗ ಬ್ಯಾಂಕು ಕೊಡುವುದು ಕಡಿಮೆಯಾಗುತ್ತದೆ.

"ಕಿವಿ ಚುಚ್ಚೋ ಫಂಕ್ಷನ್ ಮಾಡಿದ್ವಿ. ಅದರಲ್ಲಿ ಬಂತು" ಎಂದಳು ಸವಿತಾ.

"ಪ್ರೂಫ್ ಏನಾದ್ರೂ ಇದೆಯಾ ಮೇಡಂ? ಕಾರ್ಡು ಗೀರ್ಡು?"

ಮುಯ್ಯಿ ಬರೆದ ಪುಸ್ತಕ ಕೈಬರಹದ್ದು, ಅದು ನಡೆಯುವುದಿಲ್ಲ ಎಂದ. ಕಾರ್ಡು ಕೊಟ್ಟೆವು. ಅವನು ಮೇಲಿನಿಂದ ಕೆಳಗಿನವರೆಗೆ ಓದಿದ. ಕೊನೆಯ ಸಾಲಿಗೆ ಬಂದು ತಲೆಯೆತ್ತಿದ.

"ಸಾರ್, ತಗೊಳ್ಳಲ್ಲ ಅಂತ ನೀವೇ ಪ್ರಿಂಟ್ ಹಾಕ್ಸಿದೀರಲ್ಲ?"

ಸವಿತಾ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಹಣ ಎಲ್ಲಿಂದ ಬಂತೆಂದು ಹೇಳುವ ಒಂದೇ ಒಂದು ಅಚ್ಚಾದ ಕಾಗದ, ಹಣ ಬಂದೇ ಇಲ್ಲ ಎನ್ನುತ್ತಿತ್ತು.

ಹುಡುಗ ಯೋಚಿಸಿ ಒಂದು ದಾರಿ ಹೇಳಿದ. ಕಾರ್ಯ ಮಾಡಿಸಿದ ಹಿರಿಯರು ಯಾರೋ ಅವರೇ ಬಂದು, ಇದು ನನ್ನ ಕಡೆಯಿಂದ ಕೊಟ್ಟ ಹಣ, ಸಾಲವಲ್ಲ ಎಂದು ಬರೆದುಕೊಟ್ಟರೆ ಮೇಲಿನವರಿಗೆ ಕಳಿಸಿ ನೋಡಬಹುದು. ಯೋಚಿಸಿದರೆ ಅದು ಸುಳ್ಳೂ ಅಲ್ಲ. ಊರಿನವರು ಹಾಕಿದ್ದು ಅವರಿಗೆ ಕೊಡಬೇಕಾದ್ದನ್ನೇ. ಮಾವ ಮಾರನೆಯ ದಿನವೇ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮದುವೆಗೆ ಹೋಗುವಾಗ ಹಾಕುವಂಥದ್ದು.

"ಇದು ಸಾಲಾನಾ ಯಜಮಾನ್ರೇ, ಗಿಫ್ಟಾ?" ಎಂದ ಹುಡುಗ.

"ಎರಡೂ ಅಲ್ಲ. ಮುಯ್ಯಿ."

"ವಾಪಸ್ ಕೊಡ್ಬೇಕಾ ಇವ್ರು?"

"ಕೊಡ್ಬೇಕು."

"ಹಾಗಾದ್ರೆ ಸಾಲ."

"ಆದ್ರೆ ನಾನು ಕೇಳಂಗಿಲ್ಲ."

"ಹಾಗಾದ್ರೆ ಗಿಫ್ಟು."

"ಕೇಳ್ದೆ ಇದ್ರೂ ಕೊಡ್ಬೇಕಲ್ಲಪ್ಪ! ನಿಮ್ಮೂರಲ್ಲಿ ಇಲ್ವಾ?"

ಹುಡುಗ ನಕ್ಕುಬಿಟ್ಟ. "ನಮ್ಮೂರಲ್ಲೂ ಐತೆ ಯಜಮಾನ್ರೇ. ಸಿಸ್ಟಮ್‌ನಲ್ಲಿ ಇಲ್ಲ."

ಒಂದೋ ಇದು, ಇಲ್ಲ ಅದು, ಮೂರನೆಯದಿಲ್ಲ ಎಂಬ ನಿಯಮವನ್ನು ನಾನು ಪ್ರತಿ ಜೂನ್ ತಿಂಗಳಲ್ಲೂ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಅಂದು ಮೂರನೆಯದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿತ್ತು. ಆದರೆ ಸಾಲ ಮಂಜೂರಾಗಬೇಕಿತ್ತು.

"ಆಯ್ತು, ಗಿಫ್ಟ್ ಅಂತ ಹಾಕೋಣ. ಇವ್ರು ನಿಮಗೆ ಏನಾಗ್ಬೇಕು ಮೇಡಂ?"

ಆ ಪ್ರಶ್ನೆ ಕೇಳಿ ಮಾವನಿಗೆ ಖುಷಿಯಾಯಿತು. ತಮ್ಮ ಪ್ರಶ್ನೆಯನ್ನು ಬೇರೆಯವರು ಕೇಳಿದ್ದು ಅವರಿಗೆ ಅದೇ ಮೊದಲಿರಬೇಕು. ನೆಟ್ಟಗೆ ಕೂತರು.

"ಸೋದರಮಾವ" ಎಂದಳು ಸವಿತಾ.

"ತಾಯಿಯವರ ಸ್ವಂತ ಅಣ್ಣಾನಾ? ಹಾಗಾದ್ರೆ ಈಸಿ. ನಾಡಕಚೇರಿಯಿಂದ ಒಂದು ವಂಶವೃಕ್ಷ ತಂದುಬಿಡಿ."

ಮಾವ, "ನೋಡಪ್ಪ, ನಾನು ಭಾರ ಇಲ್ಲ. ಆ ವೃಕ್ಷದಾಗೆ ಎಲ್ಲಾದ್ರೂ ಒಂದು ಕೊಂಬೆ ಮೇಲೆ ಕೂರ್ಸು" ಎಂದರು. ಹುಡುಗ ಮತ್ತೆ ನಕ್ಕ. ಆದರೆ ಕೊಂಬೆ ಕೊಡುವ ಅಧಿಕಾರ ಅವನಿಗಿರಲಿಲ್ಲ. ಕೊನೆಗೆ ಆ ಜಾಗದಲ್ಲಿ ಬಿದ್ದ ಪದ 'ಪರಿಚಿತರು'. ಅದನ್ನು ಸೂಚಿಸಿದ್ದು ಬ್ಯಾಂಕಿನ ಹುಡುಗ ಎಂದು ನನ್ನ ನೆನಪು. ಅವನು "ಫ್ರೆಂಡಾ?" ಎಂದಷ್ಟೇ ಕೇಳಿದ, ಕನ್ನಡದ ಆ ಚೊಕ್ಕ ಪದ ಕೊಟ್ಟಿದ್ದು ನೀವೇ ಎನ್ನುತ್ತಾಳೆ ಸವಿತಾ.

ಸಹಿ ಹಾಕುವ ಮುಂಚೆ ಒಮ್ಮೆ ಓದಿಕೊಳ್ಳಿ ಎಂದು ಹುಡುಗ ಕಾಗದವನ್ನು ಅವರ ಮುಂದಿಟ್ಟ. ಅವರಿಗೆ ಮನಸ್ಸಿನಲ್ಲಿ ಓದಿಕೊಳ್ಳುವುದು ಗೊತ್ತಿರಲಿಲ್ಲ. ಓದುವುದೆಂದರೆ ಊರಿಗೆ ಕೇಳಿಸುವಂತೆ ಓದುವುದು. ಕನ್ನಡಕ ಹಾಕಿಕೊಂಡು, ಚಪ್ಪರದಲ್ಲಿ ಕೂತವರ ಹಾಗೆ ಶುರು ಮಾಡಿದರು. ಹಣ ಕಟ್ಟಲು ನಿಂತವರೆಲ್ಲ ತಿರುಗಿ ನೋಡಿದರು. ತಮ್ಮ ಹೆಸರು, ಊರು ಓದಿದರು. "ಸಂಬಂಧ..." ಎಂದು ಅಭ್ಯಾಸಬಲದಿಂದ ಎತ್ತರಿಸಿದ ದನಿ ಹಾಗೇ ನಿಂತಿತು. "ಪರಿಚಿತರು" ಎನ್ನುವುದನ್ನು ಕೂಗಲಿಲ್ಲ, ಹೇಳಿದರು. ಮುಂದೆ, ಈ ಹಣವನ್ನು ಈಗಾಗಲೀ ಮುಂದಾಗಲೀ ಹಿಂದಕ್ಕೆ ಪಡೆಯುವುದಿಲ್ಲ ಎಂಬುದನ್ನು ಓದಿದರು. ಆಮೇಲಿನದು: "ಇವರಿಗೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ."

ಸವಿತಾ ಹೇಳುವುದೇ ಬೇರೆ. ಕಾಗದದಲ್ಲಿ ಇದ್ದದ್ದು 'ಈ ಹಣಕ್ಕೂ ನನಗೂ ಯಾವುದೇ ಸಂಬಂಧ ಇರುವುದಿಲ್ಲ' ಎಂದು, ಬ್ಯಾಂಕು ಅಷ್ಟೇ ಕೇಳುವುದು ಎಂದು ಅವಳ ವಾದ. ಅವಳದೇ ಸರಿಯಿರಬೇಕು. ಬುದ್ಧಿಗೆ ಅದೇ ಒಪ್ಪುತ್ತದೆ. ಹಾಗಾದರೆ ಅವರು ತಪ್ಪಾಗಿ ಓದಿದರೋ, ನಾನು ತಪ್ಪಾಗಿ ಕೇಳಿಸಿಕೊಂಡೆನೋ? ಕಾಗದ ಮನೆಯ ಪತ್ರಗಳ ಜತೆ ಬ್ಯಾಂಕಿನಲ್ಲಿದೆ. ಕೇಳಿದರೆ ತೋರಿಸುತ್ತಾರೇನೋ. ನಾನು ಕೇಳಿಲ್ಲ. 'ಹಣಕ್ಕೂ' ಎಂದಿದ್ದರೆ ಏನು ಬದಲಾಗುತ್ತದೆ? ಅವರಿಗೆ ಗೊತ್ತಿದ್ದ ಲೋಕದಲ್ಲಿ ಆ ಹಣ ಬಿಟ್ಟು ಬೇರೆ ಸಂಬಂಧ, ಸಂಬಂಧ ಬಿಟ್ಟು ಬೇರೆ ಹಣ ಇರಲಿಲ್ಲ.

ಸಹಿ ಹಾಕಿದರು. "ಬರ್ದಾಯ್ತು. ನಡೀರಿ, ಕಾಫಿ ಕುಡಿಯಾನ" ಎಂದರು. ಹೋಟೆಲಿನಲ್ಲಿ ತಮ್ಮ ಕಾಫಿಯ ಟೋಕನ್ನನ್ನು ತಾವೇ ತೆಗೆದುಕೊಂಡರು, ತಮ್ಮದೊಂದನ್ನು ಮಾತ್ರ. ಅದಕ್ಕೆ ಮುಂಚೆ ಅವರು ಯಾವತ್ತೂ ಹಾಗೆ ಮಾಡಿದವರಲ್ಲ. ಎಲ್ಲರಿಗೂ ಸೇರಿಸಿ ತಾವೇ ಕೊಡುವವರು, ಇಲ್ಲವೆ ಜಗಳವಾಡಿ ನಾನು ಕೊಡುವುದು. ಅಂದು ಗಲ್ಲಾದ ಮುಂದೆ ನೂಕುನುಗ್ಗಲಿತ್ತು, ಅದಕ್ಕೇ ಇರಬಹುದು.

ಸಾಲ ಮಂಜೂರಾಯಿತು. ಗೃಹಪ್ರವೇಶಕ್ಕೆ ಅವರು ಎಲ್ಲರಿಗಿಂತ ಮೊದಲು ಬಂದು ತೋರಣ ಕಟ್ಟಿಸಿದರು, ಹಸು ನುಗ್ಗಲು ಒಲ್ಲದಾಗ ಅದರ ಬೆನ್ನು ಸವರಿ ಒಳಗೆ ಕರೆತಂದರು. ಮುಯ್ಯಿಯ ಹೊತ್ತಿಗೆ ಎಲ್ಲರೂ ಅವರಿಗಾಗಿ ಕೂಗಿದರು. ಅವರು ಹಿಂದಿನ ಸಾಲಿನಿಂದ ಏಳಲಿಲ್ಲ.

"ಪರಿಚಿತರು ಓದಂಗಿಲ್ಲ ಕಣ್ರಪ್ಪ, ಮನೆಯೋರು ಓದ್ಬೇಕು!"

ಚಪ್ಪರವೆಲ್ಲ ನಕ್ಕಿತು. ನಾನೂ ನಕ್ಕೆ. ನನ್ನ ಕಡೆಯ ಒಬ್ಬ ಹುಡುಗ ಮೈಕು ಹಿಡಿದು ಹೆಸರು, ಊರು, ಮೊತ್ತ ಕೂಗಿದ. ಮಾವ ಅಂದು ಮುಯ್ಯಿ ಹಾಕಲೂ ಇಲ್ಲ. ಊಟ ಮಾಡಿ, ತಾಂಬೂಲ ತೆಗೆದುಕೊಂಡು, ಸಂಜೆಯ ಬಸ್ಸಿಗೆ ಹೋದರು.

ಅವರು ಮುನಿಸಿಕೊಂಡಿದ್ದರೇ? ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಕರೆದರೆ ಬರುತ್ತಿದ್ದರು. ಕರೆಯದೆ ಬರುವುದು ನಿಂತಿತು. ಯುಗಾದಿಗೆ ಸವಿತಾ ಪಂಚೆ ಕೊಡಹೋದರೆ, "ಬ್ಯಾಡ ತಾಯಿ, ವಾಪಸ್ ಇಸ್ಕೊಳಲ್ಲ ಅಂತ ಬರ್ಕೊಟ್ಟಿದ್ದೀನಿ. ಬ್ಯಾಂಕೋರಿಗೆ ಗೊತ್ತಾದ್ರೆ ನಿಮ್ಮ ಸಾಲ ಕ್ಯಾನ್ಸಲ್ ಮಾಡ್ತಾರೆ" ಎಂದು ನಗುವರು. ಮಗಳ ಶಾಲೆಯ ಮೊದಲ ದಿನ ಬನ್ನಿ ಎಂದರೆ ಅದೇ ನಗೆ, ಮಿಷನ್ ಕೆಟ್ಟಿದೆ ಎಂಬ ನೆಪ. ನನ್ನನ್ನು ಅವರು 'ಅಳಿಯಂದ್ರೇ' ಬಿಟ್ಟು 'ಲೆಕ್ಚರರ್ ಸಾಹೇಬ್ರೇ' ಎನ್ನತೊಡಗಿದ್ದು ಆಮೇಲೆಯೇ ಎಂದು ನನಗನ್ನಿಸುತ್ತದೆ. ಮೊದಲಿನಿಂದಲೂ ಎರಡೂ ಕರೆಯುತ್ತಿದ್ದರು ಎಂದು ಸವಿತಾ. ಹಾಗೆ ಹೇಳುವ ಅವಳೇ, ಅವರು ಒಳಗೇ ಮುರಿದುಹೋಗಿದ್ದರು ಎಂಬುದರಲ್ಲಿ ಎಳ್ಳಷ್ಟೂ ಅನುಮಾನಪಡುವುದಿಲ್ಲ. ನನಗೆ ಎಲ್ಲದರಲ್ಲೂ ಅನುಮಾನ. ನಮ್ಮ ಭಾಷೆಯಲ್ಲಿ ಮುಯ್ಯಿ ತೀರಿಸುವುದು ಎಂದರೆ ಪಡೆದದ್ದನ್ನು ಹಿಂದಕ್ಕೆ ಕೊಡುವುದು, ಮುಯ್ಯಿ ತೀರಿಸಿಕೊಳ್ಳುವುದು ಎಂದರೆ ಸೇಡು. ಒಂದು ಪಂಚೆಯನ್ನೂ ಮುಟ್ಟದೆ ಅವರು ನಗುತ್ತ ಕೂತದ್ದು ಸೇಡೇ ಎಂದು ಕೆಲವು ದಿನ ಅನ್ನಿಸುತ್ತದೆ. ಇನ್ನು ಕೆಲವು ದಿನ, ಬರೆದುಕೊಟ್ಟ ಮಾತಿಗೆ ತಪ್ಪಬಾರದೆಂಬ ಹಳೆಯ ಕಾಲದ ಮೊಂಡುತನ, ನಮ್ಮ ಸಾಲಕ್ಕೆ ನಿಜವಾಗಿಯೂ ತೊಂದರೆಯಾದೀತೆಂಬ ಭಯ, ಅಷ್ಟೇ ಇರಬಹುದು ಎನ್ನಿಸುತ್ತದೆ. ಎದುರು ಕೂತು ಕೇಳಬಹುದಿತ್ತು. ಮುಯ್ಯಿಯ ಲೆಕ್ಕದಲ್ಲಿ ಕೇಳುವಂತಿಲ್ಲದ್ದು ಅವರಿಗೆ ಮಾತ್ರವಾಗಿತ್ತು, ನನಗಲ್ಲ.

ಕಾಯಿಲೆ ಬಿದ್ದದ್ದನ್ನು ನಮಗೆ ತಿಳಿಸಲಿಲ್ಲ. ಸವಿತಾಳ ತಾಯಿ ಆ ವೇಳೆಗೆ ನಮ್ಮ ಜತೆ ದೇವನಹಳ್ಳಿಯಲ್ಲಿದ್ದರು. ಎದುರು ಮನೆಗೆ ಬೀಗ ಬಿದ್ದಿತ್ತು. ಸುದ್ದಿ ಗೊತ್ತಾಗಿ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವರ ಅಣ್ಣನ ಮಗನಂತೆ, ನಾವು ಹಿಂದೆ ನೋಡಿರದವನು, ಎಲ್ಲ ನಡೆಸಿದ.

ತಿಥಿಗೆ ಹೋದೆವು. ನಮ್ಮ ಕಡೆ ತಿಥಿಯಲ್ಲೂ ಮುಯ್ಯಿ ಬರೆಸುವ ರೂಢಿಯುಂಟು. ಮೈಕು ಇರುವುದಿಲ್ಲ, ಓದುವುದಿಲ್ಲ, ಬರೆದುಕೊಳ್ಳುವುದಷ್ಟೇ. ಅದೇ ಗಲ್ಲಿಯಲ್ಲಿ, ಮಗಳ ಕಿವಿ ಚುಚ್ಚಿದ್ದ ಜಾಗದಲ್ಲೇ, ಒಂದು ಮೇಜು ಹಾಕಿಕೊಂಡು ಆ ಅಣ್ಣನ ಮಗ ಕೂತಿದ್ದ. ಸಾಲು ಉದ್ದವಿತ್ತು. ಮಿಷನ್ನುಗಳನ್ನು ಯಾರೋ ಕೊಂಡುಕೊಂಡಿದ್ದರು. ಒಳಗೆ ಅವು ಓಡುತ್ತಿದ್ದವು, ತಿಥಿಯೆಂದು ನಿಲ್ಲಿಸಿರಲಿಲ್ಲ. ನಾವು ಮುಂದೆ ಬಂದೆವು. ಅವನು ತಲೆಯೆತ್ತದೆ ಕೇಳಿದ.

"ಏನಾಗ್ಬೇಕು?"

"ತಂಗಿ ಮಗಳು" ಎಂದಳು ಸವಿತಾ, ಮಿಷನ್ ಮೇಲೆ ಕೇಳಿಸುವಂತೆ.

ಅವನು ಈಗ ತಲೆಯೆತ್ತಿದ. ಕೆಟ್ಟ ಮನುಷ್ಯನಲ್ಲ, ಗಲಿಬಿಲಿಯಾಗಿತ್ತು ಅಷ್ಟೆ. "ಚಿಕ್ಕಪ್ಪಂಗೆ ತಂಗೀರು ಇರ್ನಿಲ್ವಲ್ಲಮ್ಮ?"

ಹಿಂದಿನವರು ನೂಕುತ್ತಿದ್ದರು. ಅವನು ಅವಳನ್ನು ಬಿಟ್ಟು ನನ್ನ ಮುಖ ನೋಡಿದ. ಅಂಗಿ, ಕನ್ನಡಕ ನೋಡಿ ಓದಿದವನೆಂದು ತಿಳಿದಿರಬೇಕು.

"ಪರಿಚಯದೋರು ಅಂತ ಬರ್ಕೊಳ್ಲಾ ಸಾರ್?"

ಸವಿತಾಳೂ ನನ್ನನ್ನೇ ನೋಡುತ್ತಿದ್ದಳು. ಬ್ಯಾಂಕಿನಲ್ಲಿ ನೋಡದಿದ್ದವಳು ಇಲ್ಲಿ ನೋಡಿದಳು. ಮಾವ ಆಗಿದ್ದರೆ ನಮಗೆ ಏನೆಂದು ಹುಟ್ಟಿಸುತ್ತಿದ್ದರು ಎಂದು ನಾನು ಯೋಚಿಸುತ್ತಿದ್ದೆ. ಯೋಚಿಸುವಂಥದ್ದೇನೂ ಇರಲಿಲ್ಲ. ಅವರು ಅದನ್ನು ವರ್ಷಗಟ್ಟಲೆ ನನಗೆ ಕೂಗಿ ಹೇಳಿದ್ದರು.

"ಅಳಿಯ" ಎಂದೆ.

ಎಂದೆ ಎಂದು ನನ್ನ ನೆನಪು. ನೀವು ಬಾಯಿಯನ್ನೇ ತೆರೆಯಲಿಲ್ಲ ಎನ್ನುತ್ತಾಳೆ ಸವಿತಾ. ಅವನು ಬಗ್ಗಿ ಏನನ್ನೋ ಬರೆದುಕೊಂಡ, ಹಿಂದಿನವರು ಮುಂದೆ ಬಂದರು. ಇದರ ಬಗ್ಗೆ ನಾವು ಒಂದೆರಡು ಸಲ ಜಗಳವಾಡಿ ಬಿಟ್ಟಿದ್ದೇವೆ. ಸವಿತಾ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದಳು. ನಾನು ಹೇಳಿಯೇ ಇದ್ದರೂ, ಅದು ಮಿಷನ್ ಮೇಲೆ ಕೇಳಿಸಲಿಲ್ಲ.